ಸ್ನಾನಕ್ಕೂ ಒಂದು ಪರಿಮಾಣ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಾಗ, ಗೃಹಸ್ಥನು ಕಾಲದ ಮಿತಿಯನ್ನಿಟ್ಟು ನಿಯಮ ಸ್ವೀಕರಿಸಬೇಕಾದ ವಿಷಯಗಳನ್ನು ಹೆಸರಿಸುತ್ತಾರೆ. ಭೋಜನ, ವಾಹನ, ಶಯನಗಳ ಸಾಲಿನಲ್ಲಿಯೇ ಸ್ನಾನವೂ ಅಲ್ಲಿ ಸೇರಿದೆ. ತಾಂಬೂಲಕ್ಕೆ, ಆಭರಣಕ್ಕೆ, ಸಂಗೀತಕ್ಕೆ ಮಿತಿ ಬೇಕೆಂದರೆ ಯಾರಾದರೂ ಒಪ್ಪಿಯಾರು. ಆದರೆ ಸ್ನಾನವು ಶುಚಿತ್ವದ ಸಾಧನ; ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗಾಗಲಿ ಶೃಂಗೇರಿ ಪೇಟೆಯ ನಡುವಣ ಪಾರ್ಶ್ವನಾಥ ಬಸದಿಗಾಗಲಿ ಪೂಜೆಗೆ ಹೊರಟ ಶ್ರಾವಕನು ಮೊದಲು ಮಾಡಬೇಕಾದದ್ದೇ ಅದು. ಅಂಥದಕ್ಕೆ ಮಿತಿಯೇಕೆ ಎಂಬ ಶಂಕೆ ಓದುಗರಲ್ಲಿ ಮೂಡಿದರೆ ಆಶ್ಚರ್ಯವಿಲ್ಲ.

ಹಂಡೆಯಿದ್ದ ಕಾಲದಲ್ಲಿ ಈ ಶಂಕೆಗೆ ಅಷ್ಟು ಮಹತ್ವವಿರಲಿಲ್ಲ. ಮಿತಿಯನ್ನು ಹಂಡೆಯೇ ಹಾಕುತ್ತಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಬಚ್ಚಲುಮನೆಯೆಂಬುದು ಒಂದು ಸಣ್ಣ ಸಂಸ್ಥಾನವೇ ಆಗಿತ್ತು. ಒಲೆಯ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ಬಾನಿ, ಸ್ನಾನದ ಕಲ್ಲು, ಚೊಂಬು. ಗುಡ್ಡದ ಅಬ್ಬಿಯಿಂದ ಅಡಕೆ ದಬ್ಬೆಯಲ್ಲಿ ಹರಿದುಬರುವ ನೀರು ಬಾನಿಯನ್ನು ತುಂಬುತ್ತಿತ್ತು. ಹಂಡೆಯ ನೀರು ಮನೆಮಂದಿಗೆಲ್ಲ ಸಾಲಬೇಕು. ಮೊದಲು ಹೋದವನು ಹೆಚ್ಚು ಬಳಸಿದರೆ ಕೊನೆಗೆ ಹೋದವನಿಗೆ ಉಗುರುಬೆಚ್ಚನೆಯ ನೀರೇ ಗತಿ. ಪರಿಮಾಣ ವ್ರತವನ್ನು ಸ್ವೀಕರಿಸದವನೂ ಅರಿವಿಲ್ಲದೆ ಅದನ್ನು ಪಾಲಿಸುತ್ತಿದ್ದನು.

ಈಗ ಅದೇ ಮನೆಗಳಲ್ಲಿ ದಬ್ಬೆಯ ಜಾಗಕ್ಕೆ ಕರಿಯ ಪೈಪು ಬಂದಿದೆ, ಬಾನಿಯ ಜಾಗಕ್ಕೆ ತಾರಸಿಯ ಮೇಲಿನ ಟ್ಯಾಂಕು, ಹಂಡೆಯ ಜಾಗಕ್ಕೆ ಗೀಸರ್ ಅಥವಾ ಸೋಲಾರ್, ಚೊಂಬಿನ ಜಾಗಕ್ಕೆ ಶವರ್. ಅಬ್ಬಿಯ ನೀರಿಗೆ ಬೆಲೆಯಿಲ್ಲ. ಕೊಪ್ಪ, ಶೃಂಗೇರಿಗಳಲ್ಲಿ ವರ್ಷಕ್ಕೆ ನೂರು ಅಂಗುಲ ಮೀರಿ ಮಳೆ ಸುರಿಯುತ್ತದೆ. ನರಸಿಂಹರಾಜಪುರದಲ್ಲಿ ಅದಕ್ಕಿಂತ ಕಡಿಮೆಯಾದರೂ ಕೊರತೆಯೆನ್ನುವಂತಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದಾಗಿ, ಮಿತಿಯೊಳಗೆ ಬಳಸುವ ಮನೆಗೆ ವಿದ್ಯುತ್ತಿನ ಬಿಲ್ಲೂ ಶೂನ್ಯ. ನೀರು ಬಿಟ್ಟಿ, ಬೆಂಕಿಯೂ ಬಿಟ್ಟಿ. ಹೀಗಿರುವಾಗ ಬೆಲೆಯಿಲ್ಲದ ವಸ್ತುವನ್ನು ಅಳೆದು ಬಳಸಬೇಕೆಂಬ ಧರ್ಮವು ಉಳಿಯುವುದೋ ಇಲ್ಲವೋ ಎಂಬುದೇ ಇಲ್ಲಿನ ಪ್ರಶ್ನೆ. ಇದನ್ನು ಬರಿಯ ಉಪದೇಶದಿಂದ ಬಿಡಿಸಲು ಬಾರದು. ಮೊದಲು ಲೆಕ್ಕವನ್ನು ಬರೆಯಬೇಕು.

ಸಮಂತಭದ್ರರು ಭೋಗಕ್ಕೂ ಉಪಭೋಗಕ್ಕೂ ಮಾಡಿದ ಭೇದವು ವ್ಯಾಪಾರಿಗೆ ಬಹಳ ಪರಿಚಿತವಾದದ್ದು. ಅನ್ನದಂತೆ ಒಂದೇ ಬಳಕೆಯಲ್ಲಿ ತೀರಿಹೋಗುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಕೆಗೆ ಒದಗುವುದು ಉಪಭೋಗ. ಬಚ್ಚಲುಮನೆಯಲ್ಲಿ ಗೀಸರ್, ಪೈಪು, ಶವರ್ ಇವು ಉಪಭೋಗ. ನೀರು ಮತ್ತು ಅದನ್ನು ಕಾಯಿಸುವ ಶಾಖ ಭೋಗ. ಲೆಕ್ಕಪುಸ್ತಕದ ಭಾಷೆಯಲ್ಲಿ ಮೊದಲನೆಯದು ಬಂಡವಾಳದ ವೆಚ್ಚ, ಎರಡನೆಯದು ಚಾಲ್ತಿ ವೆಚ್ಚ. ಅಂಗಡಿಯಲ್ಲಿ ಗೀಸರ್ ಕೊಳ್ಳುವಾಗ ಇನ್ನೂರು ರೂಪಾಯಿಗೆ ಚೌಕಾಸಿ ಮಾಡುವವನು, ಅದೇ ಗೀಸರ್ ಹತ್ತು ವರ್ಷದಲ್ಲಿ ಎಷ್ಟು ತಿನ್ನುವುದೆಂದು ಕೇಳುವುದೇ ಇಲ್ಲ.

ಚಾಲ್ತಿ ವೆಚ್ಚದಲ್ಲಿ ನೀರಿನ ಪಾಲು ತೀರ ಅಲ್ಪ. ಒಂದು ಸಾವಿರ ಲೀಟರ್ ನೀರನ್ನು 20 ಮೀಟರ್ ಮೇಲೆತ್ತಲು ಸಾಧಾರಣ ಪಂಪಿಗೆ ಒಂದು ಯೂನಿಟ್ಟಿನ ಏಳನೆಯ ಒಂದು ಭಾಗದಷ್ಟು ವಿದ್ಯುತ್ ಸಾಕು. ಅಂದರೆ ಒಬ್ಬನ ಸ್ನಾನದ ನೀರನ್ನು ಟ್ಯಾಂಕಿಗೆ ಏರಿಸುವ ಖರ್ಚು ಕೆಲವು ಪೈಸೆ ಮಾತ್ರ. ನಿಜವಾದ ವೆಚ್ಚವಿರುವುದು ಶಾಖದಲ್ಲಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕಿಲೊ ಕ್ಯಾಲರಿ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿರುವುದು 860 ಕಿಲೊ ಕ್ಯಾಲರಿ. ಈ ಅನುಪಾತವನ್ನು ಯಾವ ಕಂಪನಿಯ ಜಾಹೀರಾತೂ ಬದಲಿಸಲಾರದು. ಗೀಸರ್ ಯಾವುದಾದರೂ ಸರಿಯೇ, ಸುರಿದ ನೀರಿಗೆ ತಕ್ಕಂತೆ ಯೂನಿಟ್ ಓಡಲೇಬೇಕು.

ಉದಾಹರಣೆಗೆ ಐದು ಮಂದಿಯ ಒಂದು ಮನೆಯನ್ನು ಭಾವಿಸೋಣ. ಟ್ಯಾಂಕಿನ ನೀರು 20 ಡಿಗ್ರಿ, ಮೈಗೆ ಹದವಾದದ್ದು 40 ಡಿಗ್ರಿ, ವಿದ್ಯುತ್ತಿನ ದರ ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ, 20 ಲೀಟರಿನ ಒಂದು ಬಕೆಟ್ ನೀರಿನ ಸ್ನಾನಕ್ಕೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ, ಅಂದರೆ ಸುಮಾರು 2 ರೂಪಾಯಿ 80 ಪೈಸೆ ತಗಲುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಸುವ ಸಾಮಾನ್ಯ ಶವರಿನ ಕೆಳಗೆ ಎಂಟು ನಿಮಿಷ ನಿಂತರೆ 80 ಲೀಟರ್, 1.86 ಯೂನಿಟ್, 11 ರೂಪಾಯಿ. ಅಗಲವಾದ ತಟ್ಟೆಯಂತಿದ್ದು ಮಳೆ ಸುರಿದಂತೆ ಸುರಿಸುವ ಹೊಸ ಬಗೆಯ ಶವರುಗಳು ನಿಮಿಷಕ್ಕೆ 15 ಲೀಟರ್ ಅಥವಾ ಇನ್ನೂ ಹೆಚ್ಚು ಬಿಡುತ್ತವೆ. ಅದೇ ಎಂಟು ನಿಮಿಷಕ್ಕೆ 17 ರೂಪಾಯಿಯಾಯಿತು. (ಮಲೆನಾಡಿನವನಿಗೆ ಮಳೆಯ ಅನುಭವವನ್ನು ಹಣ ಕೊಟ್ಟು ಕೊಳ್ಳುವ ಅಗತ್ಯವೇನೆಂಬುದು ಬೇರೆ ಮಾತು.) ನೀರಿಗೆ ಗಾಳಿ ಬೆರೆಸಿ 6 ಲೀಟರಿನಲ್ಲಿಯೇ ತೃಪ್ತಿಪಡಿಸುವ ಮಿತವ್ಯಯದ ಶವರಾದರೆ 6 ರೂಪಾಯಿ 70 ಪೈಸೆ. ತಿಂಗಳಿಗೆ ಇಡೀ ಮನೆಯ ಮೊತ್ತ ಹೀಗೆ: ಬಕೆಟ್ಟಿನವರಿಗೆ 70 ಯೂನಿಟ್, 420 ರೂಪಾಯಿ, ಮಿತವ್ಯಯದ ಶವರಿನವರಿಗೆ 167 ಯೂನಿಟ್, ಸುಮಾರು 1,000 ರೂಪಾಯಿ, ಸಾಮಾನ್ಯ ಶವರಿನವರಿಗೆ 280 ಯೂನಿಟ್, 1,675 ರೂಪಾಯಿ, ಮಳೆ ಶವರಿನವರಿಗೆ 420 ಯೂನಿಟ್, 2,500 ರೂಪಾಯಿ.

ಗೃಹಜ್ಯೋತಿಯ ಮಿತಿ ಹೆಚ್ಚೆಂದರೆ 200 ಯೂನಿಟ್. ಅದನ್ನು ದಾಟಿದವರು ಪೂರ್ತಿ ಬಿಲ್ಲನ್ನು ತೆರಬೇಕು. ಹಾಗಾಗಿ ಸಾಮಾನ್ಯ ಶವರಿನ ಮನೆಯು ಬರಿಯ ಸ್ನಾನದಿಂದಲೇ ಮಿತಿ ದಾಟುತ್ತದೆ; ಬಕೆಟ್ಟಿನ ಮನೆಯು ದೀಪ, ಮಿಕ್ಸರ್, ಫ್ರಿಜ್ಜುಗಳನ್ನು ಸೇರಿಸಿಯೂ ಒಳಗೇ ಉಳಿಯಬಹುದು. ಇಲ್ಲೊಂದು ವಿಚಿತ್ರವಿದೆ. ಮಿತಿಯೊಳಗಿರುವ ಮನೆಯವರಲ್ಲಿ ಕೆಲವರು, ಹೇಗೂ ಬಿಲ್ಲು ಬರುವುದಿಲ್ಲವಲ್ಲ ಎಂದು ಗೀಸರಿನ ಸ್ವಿಚ್ಚನ್ನು ದಿನವಿಡೀ ಹಾಕಿಟ್ಟಿರುತ್ತಾರೆ. ಯಾರೂ ಸ್ನಾನ ಮಾಡದಿದ್ದರೂ 25 ಲೀಟರಿನ ಗೀಸರ್ ತನ್ನ ಶಾಖವನ್ನು ಗೋಡೆಗೆ, ಗಾಳಿಗೆ ಕೊಟ್ಟು, ಮತ್ತೆ ಕಾಯಿಸಿಕೊಂಡು, ದಿನಕ್ಕೆ ಅರ್ಧ ಯೂನಿಟ್ಟಿನಿಂದ ಒಂದು ಯೂನಿಟ್ಟಿನವರೆಗೆ ನುಂಗುತ್ತದೆ. ಅದು ಒಂದೆರಡು ಬಕೆಟ್ ಸ್ನಾನಕ್ಕೆ ಸಮ. ಸ್ನಾನ ಮಾಡುವ ದೇಹವೇ ಇಲ್ಲದ ಸ್ನಾನವಿದು.

ಗೋಡೆಗೆ ತೂಗುಹಾಕುವ ಪುಟ್ಟ ಇನ್‌ಸ್ಟಂಟ್ ಗೀಸರಿನ ವಿಷಯವೂ ಗಮನಾರ್ಹ. 3 ಕಿಲೊವ್ಯಾಟಿನ ಅಂಥದೊಂದು ಗೀಸರ್ ನೀರನ್ನು 20 ಡಿಗ್ರಿ ಏರಿಸುತ್ತ ಸತತವಾಗಿ ಕೊಡಬಲ್ಲದ್ದು ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ಮಾತ್ರ. ಶವರಿಗೆ ಅದು ಸಾಲದು, ಬಕೆಟ್ ತುಂಬಲು ಧಾರಾಳವಾಗಿ ಸಾಕು. ಅದನ್ನು ಕೊಂಡವರು ‘ಫೋರ್ಸ್ ಇಲ್ಲ’ ಎಂದು ಗೊಣಗಿ ವರ್ಷದೊಳಗೆ ದೊಡ್ಡದನ್ನು ತರುತ್ತಾರೆ. ಹಂಡೆಯಂತೆ ತಾನೇ ಮಿತಿ ಹಾಕುವ ಯಂತ್ರವು ಮನೆಗೆ ಬಂದಿತ್ತು. ಅದನ್ನು ದೋಷವೆಂದು ಎಣಿಸಿ ಹೊರಹಾಕಲಾಯಿತು.

ಅಡಿಗೆ ಅನಿಲದ ಗೀಸರ್ ಅಗ್ಗವೆಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ 80 ಲೀಟರಿನ ಸ್ನಾನಕ್ಕೆ ಇದರಲ್ಲಿಯೂ 11 ರೂಪಾಯಿಗೆ ಮೇಲೆಯೇ ಬೀಳುತ್ತದೆ, ಐದು ಮಂದಿಗೆ ಒಂದು ಸಿಲಿಂಡರ್ ಹದಿನೈದು ದಿನ ಬಂದರೆ ಹೆಚ್ಚು. ಬಕೆಟ್ಟಿನಲ್ಲಿ ಹಿಡಿದು ಬಳಸಿದರೆ ಅದೇ ಸಿಲಿಂಡರ್ ಎರಡು ತಿಂಗಳು ಬರುತ್ತದೆ. ಅಗ್ಗ ಕಂಡದ್ದು ಅನಿಲದ ಗುಣದಿಂದಲ್ಲ, ಹಿಂದೆ ಬಳಸುತ್ತಿದ್ದ ಪ್ರಮಾಣದಿಂದ. ಇನ್ನು ಗಾಳಿಯಾಡದ ಬಚ್ಚಲಿನೊಳಗೆ ಈ ಗೀಸರನ್ನು ಕೂರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡಿ ಸ್ನಾನಕ್ಕಿಳಿದವರ ಪ್ರಾಣವನ್ನೇ ತೆಗೆಯಬಲ್ಲದು. ಗೀಸರ್ ಹೊರಗೋಡೆಯ ಮೇಲೆಯೇ ಇರತಕ್ಕದ್ದು. ಇದರಲ್ಲಿ ತರ್ಕಕ್ಕೆ ಎಡೆಯಿಲ್ಲ.

ಸೂರ್ಯನ ಶಾಖವು ಇವೆಲ್ಲಕ್ಕಿಂತ ನಿರ್ದೋಷವೆಂದು ತೋರುವುದು ಸಹಜ. ಬೇಸಗೆಯಲ್ಲಿ, ಚಳಿಗಾಲದಲ್ಲಿ ಅದು ನಿಜವೂ ಹೌದು. ಚಾಲ್ತಿ ವೆಚ್ಚ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಿಸಿನೀರು ಅತ್ಯಂತ ಅಗತ್ಯವಾಗುವ ಆಷಾಢ, ಶ್ರಾವಣಗಳಲ್ಲಿ ಕೊಪ್ಪ, ಶೃಂಗೇರಿಗಳ ಆಕಾಶದಲ್ಲಿ ಸೂರ್ಯದರ್ಶನವೇ ದುರ್ಲಭ. ಆಗ ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲಿಗೆ ಸ್ವಿಚ್ ಹಾಕುತ್ತಾರೆ. ಅದು ಒಬ್ಬನಿಗೆ ಬೇಕಾದಷ್ಟನ್ನು ಕಾಯಿಸುವುದಿಲ್ಲ, ಟ್ಯಾಂಕನ್ನೇ ಕಾಯಿಸುತ್ತದೆ. 100 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು 4.65 ಯೂನಿಟ್ ಬೇಕು. ಎರಡನೆಯ ದಿನವೂ ಅಷ್ಟೇ. ವರ್ಷದ ಎಂಟು ತಿಂಗಳು ಉಳಿಸಿದ್ದರ ಒಂದು ಪಾಲು ಮಳೆಗಾಲದ ನಾಲ್ಕು ತಿಂಗಳಲ್ಲಿ ಸೋರಿಹೋಗುತ್ತದೆ. ಮಳೆಗಾಲಕ್ಕೆ ಸೋಲಾರಿನ ಜೊತೆ ಒಂದು ಪುಟ್ಟ ಗೀಸರನ್ನೋ ಹಳೆಯ ಹಂಡೆಯನ್ನೋ ಉಳಿಸಿಕೊಂಡವರು ಬುದ್ಧಿವಂತರು. ತಾರಸಿಯಿಂದ ಬಚ್ಚಲಿಗೆ ಇಳಿಯುವ ಪೈಪಿನ ಮಾತೂ ಇದೆ. ಹತ್ತು ಮೀಟರ್ ಪೈಪಿನಲ್ಲಿ ಒಂದೂವರೆ ಲೀಟರಿನ ಆಸುಪಾಸು ನೀರು ನಿಂತು ತಣ್ಣಗಾಗಿರುತ್ತದೆ. ಪ್ರತಿಯೊಬ್ಬನೂ ‘ಬಿಸಿ ಬರಲಿ’ ಎಂದು ಅದನ್ನು ಚರಂಡಿಗೆ ಬಿಡುತ್ತಾನೆ. ಅಡಿಯಲ್ಲೊಂದು ಬಕೆಟ್ ಇಟ್ಟರೆ ಅದು ಉಳಿಯುತ್ತದೆ.

ಹಾಗಾದರೆ ಹಂಡೆಯೇ ಶ್ರೇಷ್ಠವೆಂದು ತೀರ್ಪು ಕೊಡಬಹುದೇ? ಹಿರಿಯರ ಬಾಯಲ್ಲಿ ಹಂಡೆಯ ಸ್ನಾನದ ಹೊಗಳಿಕೆ ಕೇಳಿದರೆ ಅದು ಬಿಟ್ಟಿಯಾಗಿ ದೊರೆಯುತ್ತಿತ್ತೆಂದೇ ಭಾಸವಾಗುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಣ ಸೌದೆಯ ಒಂದು ಕೆ.ಜಿ.ಯಲ್ಲಿ 3,500 ಕಿಲೊ ಕ್ಯಾಲರಿಯಷ್ಟು ಶಾಖವಿದ್ದರೂ ತೆರೆದ ಬಚ್ಚಲೊಲೆಯಲ್ಲಿ ನೀರಿಗೆ ಸೇರುವುದು ಅದರ ಆರು ಅಥವಾ ಏಳನೆಯ ಒಂದು ಪಾಲು. ಐವರಿಗೆ ಒಂದೊಂದು ಬಕೆಟ್ ನೀರು ಕಾಯಿಸಲು ದಿನಕ್ಕೆ ಮೂರೂವರೆಯಿಂದ ನಾಲ್ಕು ಕೆ.ಜಿ. ಸೌದೆ ಉರಿಯಬೇಕು, ವರ್ಷಕ್ಕೆ ಸುಮಾರು ಒಂದೂಕಾಲರಿಂದ ಒಂದೂವರೆ ಟನ್. ಕೆ.ಜಿ.ಗೆ 6 ರೂಪಾಯಿಯಂತೆ ಕೊಂಡರೆ ತಿಂಗಳಿಗೆ 700 ರೂಪಾಯಿಯಾಗುತ್ತದೆ. ವಿದ್ಯುತ್ತಿನ ಬಕೆಟ್ ಸ್ನಾನಕ್ಕಿಂತ ದುಬಾರಿ. ತೋಟವಿರುವವನು ಅಡಕೆ ಸಿಪ್ಪೆ, ಒಣ ಹಾಳೆ, ತೆಂಗಿನ ಗರಿ, ಕರಟ, ಕಾಫಿ ಗಿಡದ ಕೊರಡು, ನರಸಿಂಹರಾಜಪುರದ ಕಡೆಯಾದರೆ ಹಳೆಯ ರಬ್ಬರ್ ಮರ, ಇವುಗಳಿಂದ ಕೆಲಸ ಸಾಗಿಸಬಲ್ಲನು. ಪೇಟೆಯವನಿಗೆ ಆ ಭಾಗ್ಯವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಅಸ್ತ್ರ ಒಲೆಯಂಥ ಸುಧಾರಿತ ಒಲೆಗಳು ಸೌದೆಯನ್ನು ಗಣನೀಯವಾಗಿ ಉಳಿಸುತ್ತವೆಂಬುದು ಸಿದ್ಧವಾಗಿದೆ. ಆದರೂ ಅಡಿಗೆಮನೆಗೆ ಬಂದ ಸುಧಾರಣೆ ಎಷ್ಟೋ ಮನೆಗಳಲ್ಲಿ ಬಚ್ಚಲೊಲೆಯವರೆಗೆ ತಲುಪಲಿಲ್ಲ.

ಯಾವ ಪುಸ್ತಕದಲ್ಲಿಯೂ ಬರೆಯದ ಖರ್ಚು ಇನ್ನೊಂದಿದೆ. ಮನೆಯ ಯಜಮಾನನು ಏಳುವ ವೇಳೆಗೆ ಹಂಡೆಯ ನೀರು ಮರಳುತ್ತಿರಬೇಕಾದರೆ ನಸುಕಿನಲ್ಲಿ ಯಾರೋ ಒಬ್ಬರು ಎದ್ದಿರಬೇಕು. ಅವರು ಮನೆಯ ಸೊಸೆಯೋ, ವಿಧವೆಯಾದ ಅತ್ತೆಯೋ, ಕೆಲಸದವಳೋ ಆಗಿರುತ್ತಿದ್ದರು. ಮಳೆಗಾಲದಲ್ಲಿ ಹಸಿಯಾದ ಸೌದೆಗೆ ಊದುಗೊಳವೆ ಹಿಡಿದು, ಕಣ್ಣಿಗೆ ಹೊಗೆ ತುಂಬಿಕೊಂಡು, ಹಂಡೆ ಕಾಯಿಸಿ, ತಾವು ಮಾತ್ರ ಕೊನೆಗೆ ಉಳಿದ ನೀರಿನಲ್ಲಿ ಮೀಯುತ್ತಿದ್ದರು. ಅವರ ಶ್ರಮಕ್ಕೆ ಬೆಲೆ ಕಟ್ಟದ್ದರಿಂದಲೇ ಹಂಡೆಯ ಸ್ನಾನ ಅಗ್ಗವೆನಿಸಿತು. ಈ ಒಂದು ಕಾರಣಕ್ಕಾಗಿ ಗೀಸರನ್ನು ಸ್ವಾಗತಿಸಿದ ಗೃಹಿಣಿಯನ್ನು ಯಾವ ಧರ್ಮವೂ ಆಕ್ಷೇಪಿಸಲಾರದು. ಸೌದೆಯ ರಾಶಿಯಲ್ಲಿ ನೆಲೆಸುವ ಇರುವೆ, ಗೆದ್ದಲುಗಳಂಥ ತ್ರೀಂದ್ರಿಯ ಜೀವಿಗಳ, ಉರಿಗೆ ಬಂದು ಬೀಳುವ ಪತಂಗಗಳ ಲೆಕ್ಕ ಬೇರೆ. ಸೌದೆಯನ್ನು ಬಡಿದು, ನೋಡಿ, ಒಲೆಗಿಡಬೇಕೆಂಬ ಹಿರಿಯರ ವಿಧಿಯು ನಸುಕಿನ ಕತ್ತಲೆಯಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿತ್ತೆಂಬುದು ಊಹೆಗೆ ಬಿಟ್ಟದ್ದು.

ಗೀಸರಿನಲ್ಲಿ ಹೊಗೆಯಿಲ್ಲ, ಇರುವೆಯಿಲ್ಲ. ಆದ್ದರಿಂದ ಹಿಂಸೆಯೂ ಇಲ್ಲವೆಂದು ತಿಳಿಯುವುದು ಸುಲಭ. ಬೆಂಕಿ ಮನೆಯಿಂದ ದೂರ ಹೋಗಿದೆಯಷ್ಟೇ, ಆರಿಲ್ಲ. ಕರ್ನಾಟಕದ ವಿದ್ಯುತ್ತಿನ ಒಂದು ಭಾಗ ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಸುಟ್ಟು ಬರುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು 2,400 ಕಿಲೊ ಕ್ಯಾಲರಿ ಶಾಖ ವ್ಯಯವಾಗಿ, ಬಚ್ಚಲಿಗೆ ತಲುಪುವುದು 860 ಮಾತ್ರ. ಶವರಿನಲ್ಲಿ ಎಂಟು ನಿಮಿಷ ನಿಂತವನು ಒಂದೂಕಾಲು ಕೆ.ಜಿ.ಗೆ ಕಡಿಮೆಯಿಲ್ಲದಷ್ಟು ಕಲ್ಲಿದ್ದಲನ್ನು ಸುಟ್ಟಂತೆ. ಮಗದೊಂದು ಭಾಗ ಶರಾವತಿಯಂಥ ಜಲವಿದ್ಯುತ್ತು. ಅದಕ್ಕೆ ಮುಳುಗಿದ ಊರುಗಳ ಋಣವಿದೆ. ನರಸಿಂಹರಾಜಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು ಮುಖ್ಯವಾಗಿ ಬಯಲುಸೀಮೆಯ ನೀರಾವರಿಗಾದರೂ ಅಲ್ಲಿ ವಿದ್ಯುತ್ತೂ ಉತ್ಪಾದನೆಯಾಗುತ್ತದೆ. ಅದರ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಹೊಲ, ಗದ್ದೆ, ಮನೆಗಳು ಮುಳುಗಿವೆ. ಮೀಟರಿನಲ್ಲಿ ಓಡುವ ಅಂಕಿ ಇನ್ನೊಬ್ಬರ ನೆಲದ ಮೇಲೆ ಹರಿದುಬಂದದ್ದೆಂಬುದಕ್ಕೆ ಆ ಹಿನ್ನೀರೇ ಸಾಕ್ಷಿ.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಗಟ್ಟಿಯಾದ ಆಕ್ಷೇಪವೇ. ತುಂಗೆ ಮಳೆಗಾಲದಲ್ಲಿ ಉಕ್ಕಿ ಹರಿಯುವಾಗ ಬಚ್ಚಲಿನಲ್ಲಿ 60 ಲೀಟರ್ ಹೆಚ್ಚು ಸುರಿದರೆ ಯಾರ ಗಂಟೇನು ಹೋಯಿತು? ಆ ನೀರು ತೋಟಕ್ಕೋ ಹಳ್ಳಕ್ಕೋ ಇಳಿದು ಮತ್ತೆ ಹೊಳೆಯನ್ನೇ ಸೇರುತ್ತದೆ. ಕೊರತೆಯಿರುವಲ್ಲಿ ಮಿತವ್ಯಯ ಧರ್ಮ. ಸಮೃದ್ಧಿಯಿರುವಲ್ಲಿ ಅದು ಜಿಪುಣತನವಲ್ಲವೇ?

ಈ ಆಕ್ಷೇಪಕ್ಕೆ ಮಾಘ, ಫಾಲ್ಗುಣಗಳಲ್ಲಿ ಅಬ್ಬಿ ಸಣ್ಣಗಾಗುವುದನ್ನು, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ್ದನ್ನು ತೋರಿಸಿ ಉತ್ತರ ಕೊಡಬಹುದು. ಆದರೆ ಅದು ಅರ್ಧ ಉತ್ತರ. ಮಳೆ ಚೆನ್ನಾಗಿ ಬಂದ ವರ್ಷ ಅದು ಬಿದ್ದುಹೋಗುತ್ತದೆ. ಅನರ್ಥದಂಡದ ವಿವೇಚನೆಯಲ್ಲಿ ಆಚಾರ್ಯರು ಪ್ರಮಾದಚರ್ಯೆಯನ್ನು ವಿವರಿಸುವಾಗ, ನಿಷ್ಫಲವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದನ್ನೂ ಗಿಡಮರಗಳನ್ನು ಕಡಿಯುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ಅಲ್ಲಿ ಕೊರತೆಯ ಮಾತಿಲ್ಲ, ಬೆಲೆಯ ಮಾತೂ ಇಲ್ಲ. ಇರುವುದು ಪ್ರಯೋಜನದ ಮಾತು. ಜಲಕಾಯಿಕ, ಅಗ್ನಿಕಾಯಿಕ ಜೀವಗಳು ತುಂಗೆ ತುಂಬಿದ್ದಾಗ ಕಡಿಮೆ ಜೀವಗಳಾಗುವುದಿಲ್ಲ. ಗೃಹಜ್ಯೋತಿಯು ಸರ್ಕಾರಕ್ಕೂ ಗ್ರಾಹಕನಿಗೂ ನಡುವಣ ಲೆಕ್ಕವನ್ನು ತೀರಿಸಬಲ್ಲದು. ಗ್ರಾಹಕನಿಗೂ ಆ ಜೀವಗಳಿಗೂ ನಡುವಣ ಲೆಕ್ಕ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲಿ ಎರಡು ವ್ರತಗಳ ಭೇದವನ್ನು ಗಮನಿಸದಿದ್ದರೆ ವಿಚಾರ ಕಠೋರವಾದೀತು. ಮಳೆಗಾಲದ ಸಂಜೆ ತೋಟದಿಂದ ಕಂಬಳಿಕೊಪ್ಪೆ ಕಳಚಿ, ಉಂಬಳ ಕಿತ್ತುಹಾಕಿ ಬಂದವನಿಗೆ ಬೆನ್ನ ಮೇಲೆ ಬೀಳುವ ಬಿಸಿನೀರು ಸುಖವೇ ಸರಿ. ಆ ಸುಖವು ಅನರ್ಥವಲ್ಲ. ಅದು ಭೋಗ, ಗೃಹಸ್ಥನಿಗೆ ಭೋಗ ನಿಷಿದ್ಧವಲ್ಲ, ಪರಿಮಾಣ ಮಾತ್ರ ವಿಹಿತ. ಅಸ್ನಾನವನ್ನು ಮೂಲಗುಣವಾಗಿ ಧರಿಸಿದ ದಿಗಂಬರ ಮುನಿಯ ಅಳತೆಗೋಲಿನಿಂದ ಅವನನ್ನು ಅಳೆಯಲಾಗದು. ಆದರೆ ಸೋಪು ಹಚ್ಚಿಕೊಳ್ಳುವಾಗ, ಹಲ್ಲುಜ್ಜುವಾಗ, ಮೊಬೈಲಿನ ಹಾಡು ಮುಗಿಯಲಿ ಎಂದು ಕಾಯುವಾಗ ಮೈಗೆ ತಾಗದೆ ನೆಲಕ್ಕೆ ಬೀಳುವ ನೀರು ಭೋಗವೂ ಅಲ್ಲ. ಯಾರೂ ಅದನ್ನು ಅನುಭವಿಸಲಿಲ್ಲ. ಎಂಟು ನಿಮಿಷದ ಶವರಿನಲ್ಲಿ ಶುಚಿತ್ವಕ್ಕೆ ಸಲ್ಲುವುದು ಎರಡು ಮೂರು ನಿಮಿಷ, ಸುಖಕ್ಕೆ ಸಲ್ಲುವುದು ಇನ್ನೆರಡು. ಮಿಕ್ಕದ್ದು ಯಾರಿಗೂ ಸಲ್ಲದೆ ಹೋಗುವುದು.

ಇದನ್ನು ಕಂಡುಕೊಂಡರೆ ಶವರಿನ ಮೇಲಿನ ಕೋಪವೂ ತಗ್ಗುತ್ತದೆ. ನಿಮಿಷಕ್ಕೆ 6 ಲೀಟರಿನ ಶವರನ್ನು ಒಟ್ಟು ಮೂರು ನಿಮಿಷ ತೆರೆದವನು ಬಳಸಿದ್ದು 18 ಲೀಟರ್, ಬಕೆಟ್ಟಿಗಿಂತ ಕಡಿಮೆ. ಬಾಗಲಾರದ, ಚೊಂಬನ್ನು ಎತ್ತಲಾರದ ವೃದ್ಧರಿಗೆ ಸ್ಟೂಲಿನ ಮೇಲೆ ಕುಳಿತು ಹ್ಯಾಂಡ್ ಶವರ್ ಹಿಡಿಯುವುದು ದೊಡ್ಡ ಉಪಕಾರ. ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಹತ್ತು ಲೀಟರ್ ಹೆಚ್ಚು ಹರಿದರೆ ಅದು ಸಪ್ರಯೋಜನವೇ. ಬಕೆಟ್ಟಿನವನೂ ನಲ್ಲಿಯನ್ನು ತೆರೆದಿಟ್ಟು ತುಂಬಿದ ಬಕೆಟ್ಟನ್ನು ಉಕ್ಕಿಸುತ್ತ ಮೀಯುವುದುಂಟು. ಬಕೆಟ್ಟಿಗೆ ತಳವಿದೆ, ಶವರಿಗೆ ಇಲ್ಲ, ವ್ಯತ್ಯಾಸ ಇಷ್ಟೇ. ಶವರಿನವನು ಆ ತಳವನ್ನು ತನ್ನ ಮನಸ್ಸಿನಲ್ಲಿ ಮಾಡಿಕೊಳ್ಳಬೇಕು. ಹಂಡೆಯ ಕಾಲದಲ್ಲಿ ಪುಣ್ಯವೆಂದು ಕಂಡದ್ದರಲ್ಲಿ ಎಷ್ಟು ಪಾಲು ಬಡತನದ್ದು, ಎಷ್ಟು ಪಾಲು ಸಂಯಮದ್ದು ಎಂಬುದು ಈಗಲೇ ಪರೀಕ್ಷೆಗೆ ಬಂದಿರುವುದು.

ಶ್ವೇತಾಂಬರ ಟೀಕಾಕಾರರು ಅನರ್ಥದಂಡ ವ್ರತದ ಅತಿಚಾರವನ್ನು ವಿವರಿಸುವಾಗ ಕೊಡುವ ಉದಾಹರಣೆ ಆಶ್ಚರ್ಯಕರವಾಗಿ ಸ್ನಾನದ್ದೇ. ಕೆರೆಗೆ ಮೀಯಲು ಹೋಗುವವನು ಎಣ್ಣೆಯನ್ನೂ ನೆಲ್ಲಿಯನ್ನೂ ಬೇಕಾದುದಕ್ಕಿಂತ ಹೆಚ್ಚು ಒಯ್ದರೆ, ಅದರ ಆಸೆಗೆ ಇನ್ನೂ ಹಲವರು ಹಿಂದೆ ಬಂದು ಮೀಯುವರು. ಆಗ ಜಲಜೀವಗಳ ಹಿಂಸೆ ಅವನೊಬ್ಬನದಾಗಿ ಉಳಿಯುವುದಿಲ್ಲ. ಮಳೆ ಶವರ್ ಹಾಕಿಸಿದ ಮನೆಯ ಗೃಹಪ್ರವೇಶಕ್ಕೆ ಬಂದ ನೆಂಟರು ಊರಿಗೆ ಮರಳಿ ಏನು ಹಾಕಿಸುವರೆಂಬುದನ್ನು ಆ ಟೀಕಾಕಾರರು ಬಲ್ಲವರಾಗಿದ್ದರು.

ನೀರನ್ನು ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ನಿಂತ ಜೀವಗಳನ್ನು ಬಂದ ನೀರಿಗೇ ಮರಳಿಸುವ ವಿಧಿಯನ್ನು ಶವರಿನ ಮನೆಯಲ್ಲಿ ಹೇಗೆ ಪಾಲಿಸುವುದೆಂಬ ಪ್ರಶ್ನೆ ಕೆಲವರನ್ನು ಕಾಡುತ್ತದೆ. ಶವರಿನ ಬಾಯಿಗೆ ಬಟ್ಟೆ ಕಟ್ಟಿದವರುಂಟು; ಅದು ಎರಡು ದಿನದಲ್ಲಿ ಪಾಚಿಗಟ್ಟಿ ಇನ್ನಷ್ಟು ಜೀವೋತ್ಪತ್ತಿಗೆ ನೆಲೆಯಾಗುತ್ತದೆ. ಪೂಜೆಯ ಸ್ನಾನಕ್ಕಾದರೂ ಸೋಸಿದ ನೀರನ್ನು ಬಕೆಟ್ಟಿನಲ್ಲಿಯೇ ಹಿಡಿದುಕೊಳ್ಳುವುದು ಉಚಿತವೆಂದು ತೋರುತ್ತದೆ.

ಬೆಂಗಳೂರಿನಲ್ಲಿ 2024ರ ಮಾರ್ಚಿಯಲ್ಲಿ ನೀರಿನ ಅಭಾವ ತಲೆದೋರಿದಾಗ ಅಲ್ಲಿನ ಜಲಮಂಡಳಿಯು ವಾಣಿಜ್ಯ ಕಟ್ಟಡಗಳ, ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ ಏರಿಯೇಟರ್ ಹಾಕಿಸಲು ಆಜ್ಞಾಪಿಸಿತು. ಮಲೆನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ಮಕ್ಕಳು ಆ ದಿನಗಳಲ್ಲಿ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುವುದನ್ನು ಕಲಿತರು. ಅದೇ ಮಕ್ಕಳು ರಜೆಗೆ ಊರಿಗೆ ಬಂದಾಗ ‘ಇಲ್ಲಿ ನೀರಿಗೇನು’ ಎಂದು ಅರ್ಧ ಗಂಟೆ ಬಚ್ಚಲಿನಲ್ಲಿರುತ್ತಾರೆ, ಮನೆಯ ಹಿರಿಯರೂ ಅಕ್ಕರೆಯಿಂದ ಸುಮ್ಮನಿರುತ್ತಾರೆ. ಟ್ಯಾಂಕರಿನ ಬೆಲೆ ಕಲಿಸಿದ ಪಾಠ ಟ್ಯಾಂಕರಿನೊಂದಿಗೇ ಹಿಂದೆ ಉಳಿಯಿತು.

ನಿಯಮವನ್ನು ಯಾವಜ್ಜೀವವಾಗಿ ಸ್ವೀಕರಿಸಬೇಕೆಂದು ಸಮಂತಭದ್ರರು ಒತ್ತಾಯಿಸುವುದಿಲ್ಲ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲವನ್ನು ನಿಶ್ಚಯಿಸಿಕೊಳ್ಳಲು ಅವಕಾಶವಿತ್ತಿದ್ದಾರೆ. ಮಲೆನಾಡಿನ ಮನೆಗೆ ಚಾತುರ್ಮಾಸಕ್ಕಿಂತ ಯುಕ್ತವಾದ ಕಾಲವಿಲ್ಲ. ಸೋಲಾರ್ ಕೈಕೊಡುವುದೂ ಸೌದೆ ಹಸಿಯಾಗುವುದೂ ಆಗಲೇ. ಆಷಾಢ ಶುಕ್ಲ ಚತುರ್ದಶಿಯಂದು ಮೀಟರಿನ ಅಂಕಿಯನ್ನು ಬರೆದಿಟ್ಟು, ತಲೆಗೊಂದು ಬಕೆಟ್ ಎಂದೋ ಶವರಿಗೆ ಮೂರು ನಿಮಿಷವೆಂದೋ ಮನೆಮಂದಿ ಒಪ್ಪಿಕೊಳ್ಳಬಹುದು. ರೋಗಿಗಳಿಗೆ, ಬಾಣಂತಿಗೆ, ವೃದ್ಧರಿಗೆ ಮೊದಲೇ ವಿನಾಯಿತಿ ಹೇಳಿಬಿಡತಕ್ಕದ್ದು. ಆ ಅವಧಿ ಮುಗಿಯುವುದು ಮಹಾವೀರ ನಿರ್ವಾಣದ ಅಮಾವಾಸ್ಯೆಗೆ. ಅದರ ಹಿಂದುಮುಂದಿನ ದಿನಗಳಲ್ಲಿಯೇ ಊರಿಗೆಲ್ಲ ನೀರು ತುಂಬುವ ಹಬ್ಬ. ಗೀಸರ್, ಸೋಲಾರ್ ಇರುವ ಮನೆಗಳಲ್ಲಿಯೂ ಆ ಸಂಜೆ ಅಟ್ಟದ ಹಂಡೆಯನ್ನಿಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಆ ಹಂಡೆಗೆ ಎಷ್ಟು ಕೊಡ ನೀರು ಹಿಡಿಯುವುದೆಂಬುದನ್ನು ಮನೆಯ ಅಜ್ಜಿ ಈಗಲೂ ಥಟ್ಟನೆ ಹೇಳುತ್ತಾಳೆ. ಮಾಳಿಗೆಯ ಮೇಲಿನ ಟ್ಯಾಂಕಿಗೆ ಎಷ್ಟು ಹಿಡಿಯುವುದೆಂದು ಕೇಳಿದರೆ, ಹತ್ತಿ ಹೋಗಿ ಕಂಪನಿಯ ಚೀಟಿಯನ್ನು ನೋಡಿ ಬರಬೇಕು.